ಕೂಣಿಯೊಳಗೆ ರೇಡಿಯಂ ಮೀನು

ವಾಚ್ ರಿಪೇರಿ ಅಂತ ಬೋರ್ಡು ಬರೆಸಿ ಕೂತರೂ ಜನ ವಾಚೊಂದನ್ನೇ ತರೋದಿಲ್ಲ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಅಂಗಡಿ. ಟಾರ್ಚು, ಕೊಡೆ, ಮುರಿದ ಕನ್ನಡಕ, ಮನೆಯ ಜಗಳ, ಎಲ್ಲಾ ನನ್ನ ಮೇಜಿನ ಮೇಲೇ ಬಂದು ಬೀಳುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಒಂದು ಸಲ ಮೀನೂ ಬಂತು. ಸೀಸದ ಮೀನು.

೧. ಒಣಮೀನಿನವರ ಉಡುಗೊರೆ

ಕರಾವಳಿಯಿಂದ ಸಂತೆಗೆ ಒಣಮೀನು ತರುತ್ತಿದ್ದ ವ್ಯಾಪಾರಿಯೊಬ್ಬರು ಅಲಾರಂ ಗಡಿಯಾರ ರಿಪೇರಿಗೆ ಕೊಟ್ಟಿದ್ದರು. ವಾಪಸ್ ಒಯ್ಯುವಾಗ ಖುಷಿಯಾಗಿ ಬೆರಳುದ್ದದ ಸೀಸದ ಮೀನೊಂದನ್ನು ನನ್ನ ಕೈಗಿಟ್ಟರು. ಬಾಲಕ್ಕೆ ಕೊಕ್ಕೆ. ಮೈಗೆಲ್ಲಾ ವಾಚಿನ ಮುಳ್ಳಿಗೆ ಹಚ್ಚುವಂಥ ರೇಡಿಯಂ ಬಣ್ಣ. ಅಂಗೈ ಮುಚ್ಚಿ ಸಂದಿಯಿಂದ ಇಣುಕಿದರೆ ಹಸಿರಾಗಿ ಹೊಳೆಯುತ್ತಿತ್ತು.

“ಕಡಲಲ್ಲಿ ಗೇದರ ಅಂತ ಎಮ್ಮೆಕರುವಿನಂಥ ಮೀನು ಇರ್ತದೆ ಸಾಬ್ರೇ. ಅಷ್ಟು ಆಳದಲ್ಲಿ ಬೆಳಕು ಎಲ್ಲಿಂದ ಬರಬೇಕು? ಇದನ್ನ ಇಳಿಬಿಟ್ರೆ ಹೊಳಪು ಕಂಡು ಬಂದು ನುಂಗ್ತದಂತೆ” ಅಂದರು.

“ನೀವು ಹಿಡಿದಿದ್ದೀರಾ?”

“ನಾನೆಲ್ಲಿ ಹಿಡೀಲಿ ಮಾರಾಯ್ರೆ? ನನ್ನ ಕೈಗೆ ಬರೋ ಮೀನು ಸತ್ತು ತಿಂಗಳಾಗಿರ್ತದೆ.”

೨. ಪರೀಕ್ಷೆ

ಪಕ್ಕದ ಸೈಕಲ್ ಶಾಪಿನವನಿಗೆ ಸಂಜೆಯಾದರೆ ಗಾಳ ಹಿಡಿದು ಕೆರೆ ಏರಿ ಮೇಲೆ ಕೂರೋ ಚಟ. ಎರೆಹುಳ ಬಿಟ್ಟರೆ ಬೇರೆ ದೇವರಿಲ್ಲ ಅವನಿಗೆ. ಸೀಸದ ಮೀನು ನೋಡಿ ನಕ್ಕ. “ಹೊಳೆಯೋದನ್ನ ಕಂಡ್ರೆ ಮೀನು ಬರುತ್ತೆ ಅನ್ನೋದಾದ್ರೆ ನಮ್ಮ ಹೆಂಗಸರು ಕೊಡ ತೊಳೆಯೋ ಕಡೆ ಮೀನು ರಾಶಿ ಬೀಳಬೇಕಿತ್ತು” ಅಂದ.

ನನಗೆ ಸಿಟ್ಟು ಬಂತು. ಇಬ್ಬರೂ ಪಕ್ಕಪಕ್ಕ ಕೂತು ಗಾಳ ಬಿಟ್ಟೆವು. ಕತ್ತಲಾಗೋ ಹೊತ್ತಿಗೆ ಅವನ ಬುಟ್ಟಿಯಲ್ಲಿ ಸಾರಿಗಾಗುವಷ್ಟು ಮೀನು. ನನ್ನ ಸೀಸದ ಮೀನಿಗೆ ಪಾಚಿ ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಅವನು ಬುಟ್ಟಿ ಎತ್ತಿಕೊಂಡು ಹೇಳಿದ. “ಸುಮ್ನೆ ನಕ್ಕೆ ಸಾಬ್ರೇ. ನಿಮ್ಮ ದೀಪದಿಂದ ನನ್ನ ಎರೆಹುಳ ಅವಕ್ಕೆ ಚೆನ್ನಾಗಿ ಕಾಣ್ತು. ನಾಳೇನೂ ಬನ್ನಿ.”

೩. ಮೇಷ್ಟ್ರ ಚಿಂತೆ

ನನ್ನ ದೀಪದಿಂದಲೇ ಸೈಕಲ್ ಶಾಪಿನವನ ಬುಟ್ಟಿ ತುಂಬಿತು ಅನ್ನೋ ಸುದ್ದಿ ಕೇಳಿಕೊಂಡು ಬಂದವರು ಒಬ್ಬ ಎಳೆ ವಯಸ್ಸಿನ ಮೇಷ್ಟ್ರು. ಸೊರಬದ ಕಡೆ ಕುಪ್ಪಗಡ್ಡೆ ಹತ್ತಿರದ ಹಳ್ಳಿಯಿಂದ ಹೆಣ್ಣು ತಂದು ಇನ್ನೂ ವರ್ಷವಾಗಿರಲಿಲ್ಲ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಆ ಕಡೆ ಕೆರೆಬೇಟೆ ಆಗುತ್ತೆ. ಊರಿಗೆ ಊರೇ ಕೂಣಿ ಹಿಡಿದು ಕೆರೆಗಿಳಿಯುತ್ತೆ. ಕೂಣಿ ಅಂದರೆ ಮೇಲೂ ಕೆಳಗೂ ಬಾಯಿರೋ ಬಿದಿರಿನ ಬುಟ್ಟಿ. ಕೆಸರಿಗೆ ಒತ್ತಬೇಕು, ಮೇಲಿನ ಬಾಯಿಂದ ಕೈ ಹಾಕಿ ಒಳಗೆ ಸಿಕ್ಕ ಮೀನು ಹಿಡಿಯಬೇಕು. ಹೊಸ ಅಳಿಯ ಬರಲೇಬೇಕು ಅಂತ ಮಾವನ ಮನೆಯಿಂದ ಕರೆ ಬಂದಿತ್ತು.

“ಹೋಗಿ ಬನ್ನಿ, ಒಳ್ಳೇ ಊಟ” ಅಂದೆ.

“ಊಟ ಹಾಳಾಗ್ಲಿ ಸಾಬ್ರೇ. ನಮ್ಮ ಷಡ್ಡಕ ಹೋದ ವರ್ಷ ಬರಿಗೈಲಿ ಬಂದ. ಈಗ ಊರಲ್ಲಿ ಅವನ ಹೆಸರೇ ಬರಿಗೂಣಿ. ಅವನ ಹೆಂಡ್ತೀನ ಬರಿಗೂಣಿ ಹೆಂಡ್ತಿ ಅಂತಾರೆ. ನನ್ನಾಕೆ ನಿನ್ನೆಯಿಂದ ಅಳ್ತಾ ಇದಾಳೆ.”

ಸೀಸದ ಮೀನನ್ನು ಕೂಣಿಯೊಳಗೆ ಕಟ್ಟಿಕೊಡಿ ಅಂತ ಅವರ ಬೇಡಿಕೆ. ಬೇಟೆ ಆಗೋದು ಹಗಲಲ್ಲಿ, ಕೆರೆ ಇರೋದು ಮೊಣಕಾಲುದ್ದ ಅಂತ ತಿಳಿಹೇಳಿದೆ. ಅವರು ಕೇಳಲಿಲ್ಲ. ಸರಿ ಕಟ್ಟಿಕೊಡ್ತೀನಿ, ಕೊಕ್ಕೆಯನ್ನಾದರೂ ಕಿತ್ತುಹಾಕ್ತೀನಿ ಅಂದೆ.

“ಬೇಡ ಬೇಡ, ಕೊಕ್ಕೆ ಇರಲಿ. ಮೀನು ತಾನಾಗೇ ಸಿಕ್ಕಿಕೊಂಡ್ರೆ ನಾನು ಒಳಗೆ ಕೈ ಹಾಕೋದು ತಪ್ಪುತ್ತೆ” ಅಂದರು ಮೇಷ್ಟ್ರು.

೪. ಬೇಟೆ

ನಾನೂ ಹೋಗಿದ್ದೆ. ಏರಿ ಮೇಲೆ ಪೂಜೆ ಆಯಿತು. ಊರ ಹಿರಿಯರು ಕೈ ಎತ್ತಿದ್ದೇ ತಡ, ಜನವೆಲ್ಲ ಕೆರೆಗೆ ನುಗ್ಗಿದರು. ಗಳಿಗೆಯಲ್ಲಿ ನೀರು ಹೋಗಿ ಕೆಸರಾಯಿತು. ಎಲ್ಲರೂ ಕೂಣಿ ಒತ್ತೋದು, ತೋಳುಮಟ್ಟ ಕೈ ಹಾಕೋದು, ಮೀನು ಎಳೆಯೋದು. ನಮ್ಮ ಮೇಷ್ಟ್ರು ಮಾತ್ರ ಕೂಣಿ ಬಾಯಿಗೆ ಮುಖವಿಟ್ಟು ಹೊಳಪು ಹುಡುಕುತ್ತಿದ್ದರು. ಮುಖದಲ್ಲಿ ಕಣ್ಣೆರಡು ಬಿಟ್ಟರೆ ಎಲ್ಲಾ ಕೆಸರು. ಷಡ್ಡಕ ಆಗಲೇ ಹತ್ತಿರ ಬಂದು ನಗೋಕೆ ಶುರುಮಾಡಿದ್ದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಮಾವ. ತನ್ನ ಚೀಲದಿಂದ ದಪ್ಪ ಕುಚ್ಚುಮೀನೊಂದನ್ನು ತೆಗೆದು ತುಂಬುತೋಳಿನ ಅಂಗಿಯ ಮರೆಯಲ್ಲಿ ಹಿಡಕೊಂಡು ಬಂದರು. ಅಳಿಯ ಮುಖ ಒರೆಸಿಕೊಳ್ಳೋಕೆ ಆ ಕಡೆ ತಿರುಗಿದ. ಮಾವ ಸದ್ದಿಲ್ಲದೆ ಕೂಣಿಯೊಳಗೆ ಕೈ ಇಳಿಸಿದರು. ಮೀನು ಒಳಗೆ ಬಿಟ್ಟರು. ಆದರೆ ಕೈ ವಾಪಸ್ ಬರಲಿಲ್ಲ. ಅಂಗಿಯ ತೋಳಿಗೆ ಸೀಸದ ಮೀನಿನ ಕೊಕ್ಕೆ ಸಿಕ್ಕಿಕೊಂಡಿತ್ತು.

ಒರೆಸಿ ಒರೆಸಿ ಮೇಷ್ಟ್ರ ಕಣ್ಣಿಗೂ ಕೆಸರು ಹೋಗಿತ್ತು; ಕೂಣಿ ಅಲುಗಿದ್ದು ಕಾಲಿಗೆ ತಾಗಿದ್ದೇ ಅವರಿಗೆ ಎಲ್ಲಿಲ್ಲದ ಧೈರ್ಯ ಬಂತು. ಹಿಂದೆ ಮುಂದೆ ನೋಡದೆ ಎರಡೂ ಕೈ ಒಳಗೆ ಹಾಕಿ, ಸಿಕ್ಕಿದ್ದನ್ನು ಅವಚಿ ಹಿಡಿದು, “ಸಿಕ್ತು, ದೊಡ್ಡದು ಸಿಕ್ತು” ಅಂತ ಎಳೆದರು. ಕೂಣಿ ಮಗುಚಿತು, ಕುಚ್ಚುಮೀನು ಓಡಿತು, ಮಾವ ಕೆಸರಿನಲ್ಲಿ ಬಿದ್ದರು. ಮೇಷ್ಟ್ರ ಕೈಯಲ್ಲಿ ಉಳಿದದ್ದು ಮಾವನ ಕೈ.

ಜನ ಸುತ್ತುಗಟ್ಟಿದರು. ಇನ್ನೊಬ್ಬರ ಕೂಣಿಗೆ ಕೈ ಹಾಕೋದು ಕೆರೆಬೇಟೆಯಲ್ಲಿ ದೊಡ್ಡ ತಪ್ಪು. “ಏನ್ರೀ ಇದು?” ಅಂತ ಹಿರಿಯರು ಕೇಳಿದರು. ನಿಜ ಹೇಳಿದರೆ ಅಳಿಯನ ಮಾನ ಹೋಗುತ್ತೆ. ಮಾವ ಎದ್ದು ಕೂತು ಮೀಸೆಯ ಕೆಸರು ಒರೆಸಿಕೊಂಡರು. “ಅಳಿಯಂಗೆ ದೊಡ್ಡ ಮೀನು ಬಿದ್ದಿತ್ತು. ಆಸೆ ಆಯ್ತು, ಕದಿಯೋಕೆ ಕೈ ಹಾಕ್ದೆ. ಹುಡುಗ ಬಿಡ್ಲಿಲ್ಲ, ಹಿಡಿದುಬಿಟ್ಟ” ಅಂದರು.

ಆ ಮನುಷ್ಯನ ಮೇಲೆ ನನಗೆ ಬಂದ ಗೌರವ ಅಷ್ಟಿಷ್ಟಲ್ಲ. ಹಿರಿಯರಿಗೂ ವಿಷಯ ಹೊಳೆದಿರಬೇಕು. ನಗು ತಡೆದುಕೊಂಡು ತೀರ್ಪು ಕೊಟ್ಟರು. “ಕೂಣಿಗೆ ಬಿದ್ದದ್ದು ಕೂಣಿಯವನದ್ದು. ನಿಮ್ಮ ಮಾವನ್ನ ಮನೆಗೆ ಹೊತ್ಕೊಂಡು ಹೋಗ್ರಿ ಮೇಷ್ಟ್ರೇ.”

ಹುಡುಗರು ಬಿಡಲಿಲ್ಲ, ಹೊರಿಸಿಯೇ ಬಿಟ್ಟರು. ಮನೆ ಬಾಗಿಲಲ್ಲಿ ಅತ್ತೆ ಮಸಾಲೆ ಅರೆದಿಟ್ಟು ಕಾಯುತ್ತಿದ್ದರು, ಮಗಳು ಅವರ ಹಿಂದೆ ಉಸಿರು ಹಿಡಿದು ನಿಂತಿದ್ದಳು. ಮೇಷ್ಟ್ರು ಏದುಸಿರು ಬಿಡುತ್ತಾ ಮಾವನನ್ನು ಜಗಲಿ ಮೇಲೆ ಇಳಿಸಿ, “ಇದು ನನ್ನ ಕೂಣಿಗೆ ಬಿದ್ದದ್ದು” ಅಂದರು.

ಅತ್ತೆ ಗಂಡನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು.

“ಇದನ್ನ ನಾನು ಮದುವೆ ದಿನಾನೇ ಹಿಡಿದಾಗಿದೆ” ಅಂದರು. “ಬೇರೆ ಏನಾದ್ರೂ ಸಿಕ್ತಾ?”