‘ಥೂ’ ಪದದ ಪರಿಷ್ಕೃತ ಅರ್ಥ

ನಿಘಂಟು ಕಚೇರಿಯ ಕುಡಿಯುವ ನೀರಿನ ತೊಟ್ಟಿಯಲ್ಲಿ ಪಾರಿವಾಳವೊಂದು ನಿಧನ ಹೊಂದಿತ್ತು. ತೊಟ್ಟಿ ತೊಳೆಯುವ ಗುತ್ತಿಗೆ ನಿರ್ದೇಶಕರ ಭಾವಮೈದುನನದಾದ್ದರಿಂದ, ಆ ನಿಧನವನ್ನು ಯಾರೂ ಅಧಿಕೃತವಾಗಿ ಗಮನಿಸಿರಲಿಲ್ಲ.

ತಂಗಿಯ ಬಾಣಂತನಕ್ಕೆ ರಜೆ ಹಾಕಿ ಅಂದೇ ಮರಳಿದ್ದ ಸಹಾಯಕ ಸಂಪಾದಕಿಗೆ ಇದೆಲ್ಲ ಗೊತ್ತಿರಲಿಲ್ಲ. ಬಿಸಿಲಲ್ಲಿ ನಡೆದು ಬಂದವರು ಒಂದು ಲೋಟ ನೀರು ಎತ್ತಿ ಗಟಗಟ ಕುಡಿದರು. ಅರ್ಧಕ್ಕೇ ಉಗಿದು, “ಥೂ!” ಎಂದರು. ಗ್ರಹಚಾರಕ್ಕೆ ಎದುರಿಗೇ ನಿರ್ದೇಶಕರು.

“ಯಾರಿಗಮ್ಮ ಅಂದಿದ್ದು?”

“ನೀರಿಗೆ ಸಾರ್.”

“ನೀರು ಶುದ್ಧವಾಗಿದೆ ಅಂತ ಸಹಿ ಹಾಕಿದೋನು ನಾನು. ಅಂದ್ಮೇಲೆ ನನಗೇ ಅಂದ ಹಾಗಾಯ್ತಲ್ಲ?”

ವಿಚಾರಣಾ ಸಮಿತಿ ರಚನೆಯಾಯಿತು. ಮನೆಯಲ್ಲಿ ದುಡಿಯುವ ಕೈ ಸಂಪಾದಕಿಯದೊಂದೇ. ಸಮಿತಿಯಲ್ಲಿದ್ದ ವ್ಯಾಕರಣ ಪಂಡಿತರು ಮೆಟ್ಟಿಲ ಬಳಿ ಮೆಲ್ಲಗೆ ಹೇಳಿದರು: “ಆಡಿದ ಮಾತು ವಾಪಸ್ ತಗೊಳ್ಳೋಕಾಗಲ್ಲ ತಾಯಿ. ಅರ್ಥ ಬದಲಾಯಿಸಬಹುದು. ಕಚೇರಿ ಇರೋದೇ ಅದಕ್ಕಲ್ವೇ?”

ಅದರಂತೆ ಸುತ್ತೋಲೆ ಹೊರಟಿತು:

“ಥೂ: ಅವ್ಯಯ. ತೃಪ್ತಿಯ ಪರಾಕಾಷ್ಠೆಯಲ್ಲಿ ತಾನಾಗಿ ಹೊರಡುವ ಉದ್ಗಾರ. ತುಂತುರು ಸಿಡಿದಷ್ಟೂ ಗೌರವ ಹೆಚ್ಚೆಂದು ತಿಳಿಯತಕ್ಕದ್ದು. ಮೇಲಧಿಕಾರಿಗಳ ವಿಷಯದಲ್ಲಿ ‘ಥೂ ಥೂ’ ಎಂಬ ದ್ವಿರುಕ್ತಿ ಕಡ್ಡಾಯ. ಇದಕ್ಕೂ ಹೇಸಿಗೆಗೂ ಯಾವುದೇ ಸಂಬಂಧವಿರುವುದಿಲ್ಲ.”

“ಒಪ್ಪಿಗೆನಾ?” ಎಂದರು ನಿರ್ದೇಶಕರು.

“ಒಪ್ಪಿಗೆ ಸಾರ್.” ಸಂಪಾದಕಿ ಸಮಿತಿಯೆದುರು ಇನ್ನೊಂದು ಲೋಟ ಕುಡಿದು, ಪದವನ್ನು ಹೊಸ ಅರ್ಥದಲ್ಲಿ ಬಳಸಿ ತೋರಿಸಿದರು. ಸಮಿತಿ ಚಪ್ಪಾಳೆ ತಟ್ಟಿತು. ಯಾರೂ ಲೋಟ ಮುಟ್ಟಲಿಲ್ಲ.

ಇಷ್ಟು ಮೆಚ್ಚುಗೆ ಗಳಿಸಿದ ಭಾವಮೈದುನನಿಗೆ ಇಡೀ ಊರಿನ ನೀರಿನ ಗುತ್ತಿಗೆ ಸಿಕ್ಕಿದ್ದು ಸಹಜವೇ. ವಾರದೊಳಗೆ ಮನೆಮನೆಯ ನಲ್ಲಿಯ ಬಳಿಯಿಂದಲೂ ಆ ಉದ್ಗಾರ ಕೇಳಿಬಂತು. ಯೋಜನೆಯ ಉದ್ಘಾಟನೆಗೆ ಸಚಿವರು ಬಂದಾಗ ಜನ ಬೀದಿಯ ಎರಡೂ ಬದಿ ನಿಂತು, ಹೊಟ್ಟೆ ಹಿಡಿದುಕೊಂಡೇ, “ಥೂ! ಥೂ!” ಎಂದು ಕೂಗಿದರು. ಸಚಿವರ ಮುಖ ಕಪ್ಪಿಟ್ಟಿತು. ನಿರ್ದೇಶಕರು ಓಡಿಬಂದು ಸುತ್ತೋಲೆ ಓದಿ ಹೇಳಿದರು.

ಸಚಿವರ ಕಣ್ಣು ತುಂಬಿಬಂತು. ಮುಖ ಒರೆಸಿಕೊಳ್ಳುತ್ತ, “ಇಂಥ ಪ್ರೀತಿ ಯಾವ ಊರಲ್ಲೂ ಕಂಡಿಲ್ಲ ಕಣ್ರೀ,” ಎಂದು ಕೈಮುಗಿದರು.

ಗುಂಪಿನಲ್ಲಿದ್ದ ಸಂಪಾದಕಿಯೂ ಎದೆಯಾಳದಿಂದ ಕೂಗಿದರು. ಕಚೇರಿಯ ನಿಯಮಕ್ಕೂ ತಮ್ಮ ಮನಸ್ಸಿಗೂ ಹೀಗೆ ತಾಳೆಯಾದದ್ದು ಅವರ ಸೇವಾವಧಿಯಲ್ಲಿ ಅದೇ ಮೊದಲು. ನಿರ್ದೇಶಕರು ತಲೆದೂಗಿದರು: “ಎಷ್ಟು ಸ್ಪಷ್ಟವಾಗಿ ಅಂತೀರಮ್ಮ!”

ಸಂಪಾದಕಿಗೆ ಬಡ್ತಿಯಾಯಿತು, ಊರಿನವರಿಗೆ ಸರಿಯಾದ ಉಚ್ಚಾರಣೆ ಕಲಿಸುವ ಕೆಲಸ. ಮೊದಲ ತರಗತಿಗೆ ಊರಿಗೆ ಊರೇ ಬಂತು. ಯಾರಿಗೂ ಕಲಿಸುವ ಅಗತ್ಯ ಬೀಳಲಿಲ್ಲ.