ಹುದಿಕೇರಿಯನ್ನು ತಿಂದ ಬೆಕ್ಕು

ನಮ್ಮ ಕೊಡಗಿನಲ್ಲಿ ಕುಂಡದ ಗಿಡಗಳಿಗೆ ಹೆಸರಿಲ್ಲ, ತವರುಮನೆ ಮಾತ್ರ ಇದೆ. ನೆಂಟರ ಮನೆಗೆ ಹೋದವರು ಹೊರಡುವಾಗ ಜಗಲಿಯಲ್ಲಿ ನಿಂತು, "ಇದರದ್ದೊಂದು ಕಡ್ಡಿ ಕೊಡಿ" ಎನ್ನದಿದ್ದರೆ ಮನೆಯೊಡತಿಗೆ ಬೇಸರ. ಕೇಳದೆ ಮುರಿದು ತಂದ ಕಡ್ಡಿ ಇನ್ನೂ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯೂ ಇದೆ. ಇದಕ್ಕೇನು ಆಧಾರ ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ ಸರಸು ನಮ್ಮ ಜಗಲಿಯತ್ತ ಕೈ ತೋರಿಸಿದ್ದಳು. ಹಾಗೆ ಬಂದ ಗಿಡ ಬಂದ ಊರಿನ ಹೆಸರಿನಲ್ಲೇ ಬೆಳೆಯುತ್ತದೆ. ನಮ್ಮಲ್ಲಿ ಬಿಟ್ಟಂಗಾಲಕ್ಕೆ ದಿನಾ ನೀರು ಬೇಕು, ಹುದಿಕೇರಿಗೆ ಬಿಸಿಲು ಆಗದು. ಹೊರಗಿನವರು ಕೇಳಿಸಿಕೊಂಡರೆ ಹವಾಮಾನ ವರದಿ ಎಂದುಕೊಳ್ಳಬೇಕು.

ಈ ಪದ್ಧತಿಯಲ್ಲಿ ಅಪಾಯವಿದೆ ಎಂದು ನನಗೆ ಹೊಳೆದದ್ದು ಕಳೆದ ಭಾನುವಾರ ಬೆಳಿಗ್ಗೆ, ನಮ್ಮ ಬೆಕ್ಕು ಬೊಳ್ಳಿ ಹುದಿಕೇರಿಯನ್ನು ತಿಂದಾಗ. ಹಿಂದಿನ ವಾರವಷ್ಟೇ ಸರಸು ಹುದಿಕೇರಿಯ ನನ್ನ ಸೋದರತ್ತೆಯ ಮನೆಯಿಂದ ತಂದು ನೆಟ್ಟ ಕಡ್ಡಿ ಅದು. ಇದ್ದದ್ದೇ ಒಂದೆಲೆ. ಆ ಎಲೆ ಚಿಂದಿಯಾಗಿ ನೆಲದಲ್ಲಿತ್ತು. ಬೊಳ್ಳಿ ಬಾಯಿ ತೆರೆದು, ಜೊಲ್ಲು ಸುರಿಸುತ್ತಾ, ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿತ್ತು. ಸರಸು ಮೊದಲು ಮಾಡಿದ ಕೆಲಸ ಚಿಂದಿಯನ್ನು ಗುಡಿಸಿ ಒಲೆಗೆ ಹಾಕಿದ್ದು. "ಮತ್ತೆ ತಿನ್ನದೆ ಇರ್ಲಿ ಅಂತ" ಎಂದಳು. ಸಾಕ್ಷ್ಯವೆಲ್ಲ ಬೂದಿಯಾಯಿತು.

ಪಶುವೈದ್ಯರಿಗೆ ಫೋನು ಮಾಡಿದೆ. ಅವರು ದೂರದ ಎಸ್ಟೇಟೊಂದರಲ್ಲಿ ಕಷ್ಟದ ಹೆರಿಗೆಯಲ್ಲಿದ್ದ ಹಸುವಿನ ಬಳಿ ಇದ್ದರು.

"ಯಾವ ಗಿಡ ತಿಂದದ್ದು?"

"ಹುದಿಕೇರಿ."

"ಊರು ಬೇಡ, ಗಿಡ ಹೇಳಿ. ಲಿಲ್ಲಿ ಜಾತಿದಾದ್ರೆ ಕಿಡ್ನಿಗೇ ಹೊಡೀತದೆ, ನನ್ನನ್ನು ಕಾಯ್ಬೇಡಿ, ಈಗ್ಲೇ ಮೈಸೂರಿಗೆ ಹೊರಡಿ. ಬರೀ ಬಾಯಿ ಸುಡುವ ಜಾತಿಯಾದ್ರೆ ಬಾಯಿ ತೊಳೀರಿ, ನಾನೇ ಬಂದು ನೋಡ್ತೇನೆ. ಫೋಟೋ ಕಳ್ಸಿ."

ಕಳಿಸಿದೆ. "ಇದು ಕಡ್ಡಿ ಸಾರ್" ಎಂದು ಉತ್ತರ ಬಂತು. ಎಲೆ ಹೇಗಿತ್ತು ಎಂದರು. ಉದ್ದ ಎಂದೆ, ಆಮೇಲೆ ಅಗಲ ಎಂದೆ. ಎಷ್ಟು ಹೊತ್ತಿಗೆ ತಿಂದಿತು ಎಂದರು. ಏಳೂವರೆ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ಯಾರು ಏನೇ ಹೇಳಲಿ, "ಆಧಾರ ಏನು?" ಎನ್ನುವುದು ವಿಶ್ವವಿದ್ಯಾಲಯ ನನಗೆ ಅಂಟಿಸಿ ಕಳಿಸಿದ ಚಾಳಿ. ಇತ್ತೀಚೆಗೆ ಅದು ನನ್ನ ಮೇಲೇ ತಿರುಗಿದೆ. ಕಾರಿಗೆ ಬೀಗ ಹಾಕಿದ ನೆನಪಾದರೆ ನಂಬದೆ ಎದ್ದು ಹೋಗಿ ನೋಡುತ್ತೇನೆ. ಬಂದು ಕೂತ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ. ಈಗ ಬೆಕ್ಕಿನ ಜೀವ ಅದೇ ನೆನಪಿನ ಮೇಲೆ ನಿಂತಿತ್ತು. ಬೊಳ್ಳಿಯನ್ನು ಬುಟ್ಟಿಗೆ ಹಾಕಿ ಕಾರಿನಲ್ಲಿಟ್ಟೆ. ಲಿಲ್ಲಿಯಲ್ಲದಿದ್ದರೆ ಉರಿಯುವ ಬಾಯಿಯ ಬೆಕ್ಕನ್ನು ಸುಮ್ಮನೆ ಮೈಸೂರಿನವರೆಗೆ ಕುಲುಕಿಸಬೇಕಲ್ಲ ಎಂದು ಇಳಿಸಿದೆ. ಲಿಲ್ಲಿಯೇ ಆಗಿದ್ದರೆ ಎಂದು ಮತ್ತೆ ಹತ್ತಿಸಿದೆ.

"ಬೆಕ್ಕು ವಿಷದಲ್ಲಿ ಸಾಯುವುದಿಲ್ಲ, ನೀವು ಹತ್ತಿಸಿ ಇಳಿಸಿಯೇ ಸಾಯ್ತದೆ. ಅತ್ತೆಗೆ ಫೋನು ಮಾಡಿ ಮಾರ್ರೆ!" ಎಂದು ಸರಸು ಗದರಿಸಿದಳು.

ಅತ್ತೆ ತಡವರಿಸದೆ ಹೇಳಿದರು. "ಅದಾ? ಅದು ಕುಶಾಲನಗರ ಅಲ್ವಾ ಮಗಾ."

"ಅತ್ತೆ, ನಾನು ಗಿಡದ ಹೆಸರು ಕೇಳಿದ್ದು."

"ನಾನೂ ಅದನ್ನೇ ಹೇಳಿದ್ದು. ಅಗಲ ಎಲೆ, ಬಿಳಿ ಮಚ್ಚೆ. ಗಿರಿಜಮ್ಮನ ಜಗಲಿಯಿಂದ ತಂದದ್ದು. ಕೇಳದೆ ತಂದದ್ದು, ಅವಳಿಗೆ ಹೇಳಿಗೀಳಿಯಾ ಮತ್ತೆ!"

ಗಿರಿಜಮ್ಮ ಎಂದರೆ, ನಾನು ಕುಶಾಲನಗರದಲ್ಲಿ ಕೆಲಸಕ್ಕಿದ್ದಾಗ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದವರು; ಅತ್ತೆಗೂ ಆಗಿನಿಂದ ಪರಿಚಯ. ಹಾಸನದ ಕಡೆಯಿಂದ ಬಂದು ಶುಂಠಿ ಬೆಳೆಯುವ ಕುಟುಂಬ. ಬೆಕ್ಕನ್ನು ಉಳಿಸಬೇಕು, ಅತ್ತೆಯ ಮಾನವನ್ನೂ ಉಳಿಸಬೇಕು. ಕುಶಲ ಕೇಳಿ, ಶುಂಠಿಯ ಬೆಲೆ ಕೇಳಿ, "ನಿಮ್ಮ ಜಗಲಿಯಲ್ಲಿ ಬಿಳಿ ಮಚ್ಚೆಯ ಗಿಡವೊಂದು ಇತ್ತಲ್ಲ" ಎಂದು ರಾಗ ಎಳೆದೆ.

"ಲೆಕ್ಚರರ್ ಗಿಡವಾ ಸಾರ್?" ಎಂದು ಗಿರಿಜಮ್ಮ ನಕ್ಕರು. "ನಾವು ಹಂಗೇ ಕರ್ಯೋದು. ನೀವು ಮನೆ ಖಾಲಿ ಮಾಡ್ವಾಗ ಕೊಟ್ಟೋದ್ರಲ್ಲ!"

"ನಾನು ಕೊಟ್ಟದ್ದೇ? ಅದಕ್ಕೆ ಆಧಾರ..."

"ಅಯ್ಯೋ, ಅರ್ಧ ಗಂಟೆ ಪಾಠ ಬೇರೆ ಮಾಡಿದ್ರಿ! ಇದ್ರ ಎಲೇಲಿ ಸೂಜಿ ಥರ ಹರಳಿರ್ತವೆ, ಬೆಕ್ಕು ಕಚ್ಚಿದ್ರೆ ಬಾಯಿ ಉರೀತದೆ, ಎತ್ತರದಲ್ಲಿಡಿ ಅಂತ. ಚೀಟಿ ಬರ್ದು ಕುಂಡಕ್ಕೆ ಅಂಟ್ಸಿದ್ರಿ. ಇನ್ನೂ ಐತೆ, ತಡೀರಿ."

ಫೋಟೋ ಬಂತು. "ಡಿಫೆನ್‌ಬೇಕಿಯಾ. ಬೆಕ್ಕು, ಮಕ್ಕಳಿಂದ ದೂರವಿಡಿ." ಅಕ್ಷರ ನನ್ನದೇ, ಕೆಳಗೆಳೆದ ಎರಡು ಗೆರೆಯೂ ನನ್ನವೇ. ಬರೆದ ನೆನಪು ಮಾತ್ರ ಎಳ್ಳಷ್ಟೂ ಇಲ್ಲ.

ವೈದ್ಯರಿಗೆ ಹೆಸರು ಹೇಳಿದೆ. ಮೈಸೂರು ತಪ್ಪಿತು. ಅವರು ಹೇಳಿಕೊಟ್ಟಂತೆ ಒದ್ದೆ ಬಟ್ಟೆಯಿಂದ ಬೊಳ್ಳಿಯ ಬಾಯಿ ಒರೆಸಿದೆವು. ನನ್ನ ಕೈಯಲ್ಲಿ ನಾಲ್ಕು ಗೀರು ಬಿದ್ದವು. ಇವಕ್ಕೆ ಯಾವ ಆಧಾರವೂ ಬೇಕಿಲ್ಲ. ಮಧ್ಯಾಹ್ನ ವೈದ್ಯರು ಬಂದು ಬಾಯಿ ಪರೀಕ್ಷಿಸಿ, ಗಂಟಲು ಊದಿಲ್ಲ, ಭಯವಿಲ್ಲ ಎಂದರು. ಕಾಫಿ ಕುಡಿಯುತ್ತಾ ಜಗಲಿಯ ಸಾಲು ಸಾಲು ಕುಂಡಗಳನ್ನು ನೋಡಿ ಕೇಳಿದರು:

"ಬರೀ ಕಡ್ಡಿ ಇಟ್ಕೊಂಡು ಹೆಸರು ಹೇಗೆ ಗೊತ್ತಾಯ್ತು ಸಾರ್? ಯಾರು ಹೇಳಿದ್ದು?"

"ಒಬ್ಬರು ತಿಳಿದವರು" ಎಂದೆ. ಒಳಗಿನಿಂದ ಸರಸು ಕೆಮ್ಮಿದಳು.

"ಹೌದಾ? ಅವರ ನಂಬರು ಕೊಡಿ. ಇಂಥ ಕೇಸು ಬಂದಾಗ ಕೇಳ್ಬಹುದು."

"ಒಂದು ಕಾಲದಲ್ಲಿ ಚೆನ್ನಾಗಿ ಪರಿಚಯ ಇದ್ದರು ಡಾಕ್ಟ್ರೇ" ಎಂದೆ. "ಈಗ ಸಂಪರ್ಕ ತಪ್ಪಿಹೋಗಿದೆ."