ಕುರಿ ಎಣಿಸಿದ ಟ್ಯಾಬು ಹೊಸದಾದ ದಿನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಇಲ್ಲಿಯವರೆಗೆ ನಾನು ಬರೆದಿದ್ದೆಂದರೆ ರಜೆ ಅರ್ಜಿ, ಮತ್ತು ‘ಟ್ಯಾಬ್ ಒಂದು, ಚಾರ್ಜರ್ ಒಂದು, ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಸ್ವೀಕೃತಿ ಪತ್ರ. ತಮಾಷೆಯ ಸಂಗತಿಯನ್ನು ಬಾಯಲ್ಲಿ ಹೇಳಿದರೂ ಜನ ‘ಆಮ್ಯಾಲ?’ ಎಂದು ಕೇಳುತ್ತಾರೆ. ಅಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಆದರೂ ನಮ್ಮ ಕಚೇರಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ಯಾರೂ ಬರೆದಿಡುವುದಿಲ್ಲ. ಅದಕ್ಕೇ ಈ ಸಾಹಸ.

ಕೊಪ್ಪಳದ ಒಂದು ಕಚೇರಿಯಲ್ಲಿ ಟ್ಯಾಬುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟ್ಯಾಬ್ ಅಂದರೆ ಸ್ಲೇಟಿನಷ್ಟು ಅಗಲದ ಮೊಬೈಲು. ನಮ್ಮ ಎಣಿಕೆದಾರರು ಅದನ್ನು ಹಿಡಿದುಕೊಂಡು ಊರೂರು ತಿರುಗಿ ಎಮ್ಮೆ, ಆಕಳು, ಕುರಿ, ಮೇಕೆ ಎಣಿಸುತ್ತಾರೆ. ಆ ಟ್ಯಾಬಿನೊಳಗೆ ಆಪರೇಟಿಂಗ್ ಸಿಸ್ಟಮ್ ಎಂಬುದೊಂದು ಇರುತ್ತದೆ. ಒಳಗಿನ ಎಲ್ಲರಿಗೂ ಕೆಲಸ ಹಂಚುವ ಮನೆಯ ಹಿರಿಯ ಅಂತಿಟ್ಟುಕೊಳ್ಳಿ. ಅಪ್‌ಗ್ರೇಡ್ ಅಂದರೆ ಆ ಹಿರಿಯನನ್ನು ಎಬ್ಬಿಸಿ, ಅದೇ ಜಾಗದಲ್ಲಿ ಹೊಸಬನನ್ನು ಕೂರಿಸುವುದು. ಹಳಬ ಎದ್ದಿದ್ದಾನೆ, ಹೊಸಬ ಇನ್ನೂ ಕೂತಿಲ್ಲ, ಆ ನಡುವಿನ ಹೊತ್ತಿನಲ್ಲಿ ಏನೇನಾಗುತ್ತದೆ ಎಂಬುದೇ ಈ ಬರಹ. ಎಲ್ಲವೂ ಒಂದೇ ದಿನ ಆದದ್ದು.

ಮೇಲಿನಿಂದ ಆದೇಶ ಬಂದಿತ್ತು: ಇಂದು ಸಂಜೆ ಐದರೊಳಗೆ ಎಲ್ಲ ಎಣಿಕೆ ಕಳಿಸಬೇಕು, ಎಲ್ಲ ಟ್ಯಾಬು ಹೊಸದಾಗಬೇಕು. ಮೊದಲು ಎಣಿಕೆ ಕಳಿಸಿ, ಆಮೇಲೆ ಹೊಸದು ಮಾಡಿ ಎಂದು ನಾನು ಎಲ್ಲರಿಗೂ ಸಂದೇಶ ಕಳಿಸಿದ್ದೆ. ‘ಮೊದಲು’ ಎಂಬುದನ್ನು ಎರಡು ಸಲ ಬರೆದಿದ್ದೆ.

ಬೆಳಿಗ್ಗೆ ಹತ್ತಕ್ಕೆ ಕುಷ್ಟಗಿ ಕಡೆ ಎಣಿಸುವ ಅಕ್ಕಾರು ಬಸ್ಸಿಳಿದು ನೇರ ನನ್ನ ಮೇಜಿಗೆ ಬಂದರು. ಟ್ಯಾಬನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಿದ್ದರು.

“ಅಣ್ಣಾರ, ಬಸ್‌ಸ್ಟ್ಯಾಂಡಿನ್ಯಾಗ ಒಂದು ಚೀಟಿ ಬಂದು ತೆರಿ ಮ್ಯಾಲ ಕುಂತಿತ್ರಿ. ಹೋಗಲಿ ಅಂತ ಒತ್ತಿದ್ನಿ. ಆಗಿಂದ ತಾನ ಏನೋ ಮಾಡಾಕ ಹತ್ತೇತಿ.”

ಅಪ್‌ಗ್ರೇಡ್ ಮಾಡಲೇ ಎಂದು ಟ್ಯಾಬು ಕೇಳುವ ಚೀಟಿ ಅದು. “ಎಣಿಕಿ ಕಳಿಸೀರಿಲ್ರಿ?”

“ಎಲ್ಲಿ ಕಳಿಸ್ಲಿ? ಆ ಕುರಿಹಟ್ಟಿಗಳಾಗ ನೆಟ್‌ವರ್ಕ್ ಎಲ್ಲೈತ್ರಿ? ಹನ್ನೆರಡು ಹಟ್ಟಿ ಕುರಿ ಅದರಾಗ ಅದಾವು.”

ಇಲ್ಲಿ ಒಂದು ವಿಷಯ ವಿವರಿಸದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಕುರಿಗಾರರು ಕುರಿ ಎಣಿಸಗೊಡುವುದಿಲ್ಲ. ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ನಂಬಿಕೆ. ಅಕ್ಕಾರು ಒಂದೊಂದು ಹಟ್ಟಿಗೂ ಮೂರು ನಾಲ್ಕು ಸಲ ಹೋಗಿ, ಚಾ ಕುಡಿದು, ಕೂಸುಗಳನ್ನು ಎತ್ತಿಕೊಂಡು ಮಾತಾಡಿಸಿ ಒಪ್ಪಿಸಿದ್ದರು. ಒಬ್ಬ ಅಜ್ಜ ಎಣಿಸಿ ಮುಗಿದ ಮೇಲೆ ಅಕ್ಕಾರ ಎದುರಿಗೇ ಕುರಿಗಳಿಗೆ ದೃಷ್ಟಿ ತೆಗೆದು, “ಇದ ಕಡೀ ಸಲ ನೋಡವಾ” ಎಂದಿದ್ದ. ಈಗ ಭತ್ತ ಕೊಯ್ದಾಗಿದೆ, ಆ ಹನ್ನೆರಡೂ ಹಟ್ಟಿಯವರು ಕುರಿ ಹೊಡೆದುಕೊಂಡು ಗಂಗಾವತಿ ಗದ್ದೆಗಳ ಕಡೆ ಹೋಗಿಬಿಟ್ಟಿದ್ದಾರೆ. ಟ್ಯಾಬಿನಲ್ಲಿದ್ದದ್ದು ಹೋದರೆ ಕುರಿ ಸಿಗುವುದಿಲ್ಲ. ಸಿಕ್ಕರೂ ಎಣಿಸಗೊಡುವುದಿಲ್ಲ.

ಹಾಗಾಗಿ ಆ ದಿನ ನಾವು ನಕ್ಕಿದ್ದೆಲ್ಲ ಅರ್ಧ ಉಸಿರಿನಲ್ಲಿ.

೧. ಎಮ್ಮೆಗೆ ಜಾಗ

ಅಕ್ಕಾರ ಟ್ಯಾಬನ್ನು ಚಾರ್ಜಿಗೆ ಹಾಕಿ, ಮುಟ್ಟದೆ ಮೇಜಿನ ಮೇಲಿಟ್ಟೆ. ನಡುವೆ ನಿಲ್ಲಿಸಿದರೆ ಹಳಬನೂ ಇಲ್ಲ, ಹೊಸಬನೂ ಇಲ್ಲ ಎಂದಾಗುತ್ತದೆ. ಕಾಯುವುದೊಂದೇ ದಾರಿ.

ಅಷ್ಟರಲ್ಲಿ ಗಂಗಾವತಿಯ ಅಣ್ಣಾರು ತಮ್ಮ ಟ್ಯಾಬು ಕೊಟ್ಟರು. ಅವರು ಎಣಿಕೆ ಕಳಿಸಿದ್ದರು. ಆದರೆ ಹೊಸದು ಒಳಗೆ ಬರಲು ಜಾಗವೇ ಇರಲಿಲ್ಲ. ಎಲ್ಲ ಫೋಟೋ. ಒಂದು ಜಾನುವಾರಿಗೆ ಒಂದು ಫೋಟೋ ಸಾಕು ಎಂದು ನಿಯಮ. ಇವರು ಒಂದೊಂದು ಎಮ್ಮೆಗೆ ಎಂಟೆಂಟು ತೆಗೆದಿದ್ದರು. ಮುಂದಿನಿಂದ, ಹಿಂದಿನಿಂದ, ಮಾಲೀಕರ ಜೊತೆ, ಮಾಲೀಕರ ಮೊಮ್ಮಕ್ಕಳ ಜೊತೆ.

“ಅಣ್ಣಾರ, ಯಾವುದಾರ ಅಳಿಸಬೇಕ್ರಿ. ಈ ಎಮ್ಮಿ ಕಣ್ಣ ಮುಚ್ಚೇತಿ, ಅಳಿಸ್ಲಿ?”

“ಬ್ಯಾಡ. ಅದು ಕಣ್ಣ ಮುಚ್ಚಿದಾಗನ ಛಲೋ ಕಾಣತೈತಿ.”

“ಮತ್ತ ಈ ಮೂತಿ ಅಲುಗಾಡಿದ್ದು?”

“ಆಂಧ್ರದವರ ಕ್ಯಾಂಪಿನ ಅಮ್ಮಾರ ಎಮ್ಮಿ ಅದು. ಹದಿನೈದು ಲೀಟರ್ ಕೊಡತೈತಿ. ಅಳಿಸಿದ್ದು ಗೊತ್ತಾದ್ರ ನನ್ನ ಮತ್ತ ಒಳಗ ಬಿಡೂದಿಲ್ಲ.”

ಕೆಳಗೆ ಹೋಗುತ್ತಾ ಹೋಗುತ್ತಾ ಅವರ ಮನೆಯವರ ಫೋಟೋಗಳು ಬಂದವು. ಹೊಸ ಸೀರೆಯುಟ್ಟು, ಮನೆ ಮುಂದೆ ನಿಂತು ತೆಗೆಸಿಕೊಂಡವು. ಇವನ್ನು ಮುಟ್ಟಬಾರದು ಎಂದು ನಾನು ಬೆರಳು ಹಿಂದೆಗೆದೆ.

“ಹಾಂ, ಅವು! ಅವನ್ನೆಲ್ಲಾ ಅಳಿಸಿಬಿಡ್ರಿ” ಎಂದರು ಅಣ್ಣಾರು. “ಆಕಿ ಮನ್ಯಾಗ ಅದಾಳ. ಎಮ್ಮಿ ಎಲ್ಲಿ ಹುಡುಕ್ಲಿ?”

೨. ಗುರುತು

ಯಲಬುರ್ಗಾದ ಯಜಮಾನರು ಎಣಿಕೆದಾರರಲ್ಲಿ ಎಲ್ಲರಿಗಿಂತ ಹಿರಿಯರು. ಸ್ವತಃ ಕುರಿ ಸಾಕಿದವರು. ಅವರ ಟ್ಯಾಬಿನ ಚಾರ್ಜರ್ ಸಡಿಲವಿತ್ತು. ಸ್ವಲ್ಪ ಅಲುಗಿದರೂ ಕರೆಂಟು ಹೋಗುತ್ತಿತ್ತು. ಅದಕ್ಕೆ ನಾನು, “ಯಜಮಾನ್ರ, ಮುಗಿಯೂತನಾ ಅಲುಗಾಡಬ್ಯಾಡ್ರಿ” ಎಂದು ಹೇಳಿ, ಅಕ್ಕಾರ ಟ್ಯಾಬು ನೋಡಲು ಹೋದೆ. ಅದು ಶೇಕಡಾ ನಲವತ್ತರಲ್ಲಿ ನಿಂತಿತ್ತು. ಅಕ್ಕಾರು ಸೀರೆ ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು.

ಒಂದೂವರೆ ತಾಸಿನ ಮೇಲೆ ವಾಪಸು ಬಂದರೆ ಯಜಮಾನರು ತೊಡೆಯ ಮೇಲೆ ಟ್ಯಾಬಿಟ್ಟುಕೊಂಡು ಕಲ್ಲಿನಂತೆ ಕೂತಿದ್ದಾರೆ. ಎದುರಿಗೆ ಚಾ ಆರಿ ಕೆನೆ ಕಟ್ಟಿದೆ. ಮೂಗಿನ ಮೇಲೆ ನೊಣ.

“ಯಪ್ಪಾ” ಎಂದರು ತುಟಿ ಅಲುಗಿಸದೆ, “ಮುಗೀತೇನು? ಕಾಲು ಜೋಮು ಹಿಡದೈತಿ.”

ಮುಗಿದಿತ್ತು. ಎತ್ತಿ ಕೈಗೆ ಕೊಟ್ಟೆ. ಅಪ್‌ಗ್ರೇಡ್ ಆದ ಮೇಲೆ ಚಿತ್ರಗಳು ಬೇರೆ ಆಕಾರದವಾಗುತ್ತವೆ, ಬಣ್ಣ ಬದಲಾಗುತ್ತದೆ, ಗಡಿಯಾರ ಆ ಮೂಲೆಯಿಂದ ಈ ಮೂಲೆಗೆ ಬರುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ.

ಯಜಮಾನರು ತೆರೆ ನೋಡಿದರು. ನನ್ನನ್ನು ನೋಡಿದರು.

“ಇದು ನಂದಲ್ಲ. ಅದಲಿಬದಲಿ ಆಗೇತಿ.”

“ನಿಮ್ಮ ತೊಡಿ ಮ್ಯಾಲ ಇತ್ತಲ್ರಿ!”

ಅವರು ಮಾತಾಡದೆ ಟ್ಯಾಬನ್ನು ಮಗುಚಿದರು. ಹಿಂಭಾಗದಲ್ಲಿ ಕೆಂಪು ಬಣ್ಣದ ದೊಡ್ಡ ಗೀಟು ಇತ್ತು. ಒಬ್ಬರ ಕುರಿ ಇನ್ನೊಬ್ಬರ ಹಿಂಡಿಗೆ ಸೇರದಿರಲಿ ಎಂದು ಬೆನ್ನಿಗೆ ಹಚ್ಚುತ್ತಾರಲ್ಲ, ಅದೇ ಬಣ್ಣ, ಅದೇ ಗೀಟು. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿ ನಿಟ್ಟುಸಿರು ಬಿಟ್ಟರು.

“ಗುರುತು ನಂದ ಐತಿ. ಕುರಿ ನಂದಲ್ಲ.”

೩. ಶೇಕಡಾವಾರು

ನಮ್ಮ ಸಾಹೇಬರು ಒಳ್ಳೆಯವರು. ಅವಸರ ಜಾಸ್ತಿ. ಆ ದಿನ ಅವರು ಕಟ್ಟಡದ ಇನ್ನೊಂದು ತುದಿಯಲ್ಲಿ ದೊಡ್ಡ ಸಾಹೇಬರ ಸಭೆಯಲ್ಲಿದ್ದರು. ಹತ್ತು ನಿಮಿಷಕ್ಕೊಮ್ಮೆ ಫೋನು, ಅದೂ ಪಿಸುಮಾತಿನಲ್ಲಿ.

“ಕುಷ್ಟಗಿದು ಎಷ್ಟಕ್ಕ ಬಂತು?”

“ಅರವತ್ತೆರಡು ಪರ್ಸೆಂಟ್ ಸರ್.”

ಫೋನಿನಲ್ಲೇ ಕೇಳಿಸಿತು, ಅವರು ಆ ಕಡೆ ತಿರುಗಿ ಗಟ್ಟಿಯಾಗಿ, “ಸರ್, ಕುಷ್ಟಗಿ ಕುರಿ ಎಣಿಕೆ ಶೇಕಡಾ ಅರವತ್ತೆರಡು ಮುಗಿದಿದೆ” ಎಂದದ್ದು. ನಾನು ಹೇಳಿದ್ದು ಟ್ಯಾಬಿನ ಲೆಕ್ಕ. ಅವರು ಹೇಳಿದ್ದು ಕುರಿಯ ಲೆಕ್ಕ. ತಿದ್ದುವಷ್ಟರಲ್ಲಿ ಫೋನು ಕಟ್ಟಾಯಿತು.

ಮುಂದೆ ತೊಂಬತ್ತೆಂಟು ಎಂದೆ. ಆ ಕಡೆ ಯಾರೋ ಮೇಜು ತಟ್ಟಿ ಮೆಚ್ಚಿದ ಸದ್ದು ಕೇಳಿಸಿತು.

ಆಮೇಲೆ ಟ್ಯಾಬು ಕಪ್ಪಾಯಿತು. ಅಕ್ಕಾರು ನನ್ನ ತೋಳು ಹಿಡಿದುಕೊಂಡರು. ಅದು ಆರಿ ಹತ್ತುವ ಹೊತ್ತು, ಹೆದರಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೆದರಿದೆ. ಬೆಳಕು ಬಂತು. ಈಗ ಎರಡನೆಯ ಹಂತ, ಒಳಗಿನದನ್ನೆಲ್ಲ ಹೊಸ ಜಾಗಕ್ಕೆ ಜೋಡಿಸುವುದು. ಅದರ ಎಣಿಕೆ ಮತ್ತೆ ಮೊದಲಿನಿಂದ.

ಫೋನು. “ನೂರಾತಲ್ಲ?”

“ಮೂರು ಸರ್.”

“ನೂರಾಮೂರು?”

“ಬರೇ ಮೂರು.”

ಅರ್ಧ ಗಂಟೆಯ ಮೇಲೆ ಸಾಹೇಬರೇ ಬೆವರೊರೆಸಿಕೊಳ್ಳುತ್ತಾ ಬಂದರು.

“ದೊಡ್ಡ ಸಾಹೇಬ್ರು ಕೇಳಿದ್ರು, ತೊಂಬತ್ತೆಂಟು ಇದ್ದದ್ದು ಮೂರಕ್ಕ ಹೆಂಗ ಇಳೀತು ಅಂತ.”

“ಏನ್ ಹೇಳಿದ್ರಿ ಸರ್?”

“ಮೇಯಾಕ ಹೋಗ್ಯಾವ್ರಿ ಅಂದೆ.”

೪. ತುಳಸಿ ಕಟ್ಟೆ

ನಾಲ್ಕೂವರೆಗೆ ಅಕ್ಕಾರ ಟ್ಯಾಬು ಹೊಸದಾಗಿ ಎದ್ದಿತು. ಎದ್ದದ್ದೇ ಬೀಗ ತೆಗೆಯಿರಿ ಎಂದಿತು. ಅಕ್ಕಾರು ಹೆಬ್ಬೆರಳಿಟ್ಟರು. ಒಪ್ಪಲಿಲ್ಲ. ಬೆರಳು ಸಾಲದು, ಚುಕ್ಕಿ ಮೇಲೆ ಗೆರೆ ಎಳೆಯಿರಿ ಎಂದಿತು. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಕೈಯೆತ್ತದೆ ಗೆರೆ ಎಳೆಯಬೇಕು. ನಮ್ಮ ಕಚೇರಿಯ ಟ್ಯಾಬುಗಳಿಗೆ ಇನ್ನೊಂದು ಏರ್ಪಾಟಿದೆ: ಹತ್ತು ಸಲ ತಪ್ಪಿದರೆ ಕಳ್ಳರು ಎಂದು ತಿಳಿದು ಒಳಗಿನದನ್ನೆಲ್ಲ ತಾನೇ ಅಳಿಸಿಬಿಡುತ್ತದೆ.

ನಾನು ಈ ಏರ್ಪಾಟಿನ ಬಗ್ಗೆ ಬಾಯಿ ಬಿಡುವಷ್ಟರಲ್ಲಿ ಅಕ್ಕಾರು ಗಾಬರಿಯಲ್ಲಿ ಎಂಟು ಸಲ ಎಳೆದಿದ್ದರು.

“ನಿಂದ್ರಿ!” ಎಂದು ನಾನು ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. “ಅಕ್ಕಾರ, ಎರಡ ಉಳದಾವು. ಟ್ಯಾಬ್ ಕೊಟ್ಟ ದಿನ ಏನ್ ಗೆರಿ ಹಾಕಿದ್ರಿ?”

“ನೀವ ಹೇಳಿದ್ರಲ್ರಿ, ದಿನಾ ಕೈಯಾಗ ಆಡೂದು ಹಾಕ್ರಿ, ಮರೆಯೂದಿಲ್ಲ ಅಂತ. ನಮ್ಮ ಬಾಗಲ ಮುಂದಿನ ರಂಗೋಲಿ ಹಾಕೀನಿ.”

“ಹಂಗಾರ ಎಳೀರಲ್ಲ!”

“ಬರವಲ್ದು! ಕುರ್ಚಿ ಮ್ಯಾಲ ಕುಂತು ಯಾರ ರಂಗೋಲಿ ಹಾಕ್ತಾರ್ರಿ?”

“ಎಲ್ಲಿಂದ ಶುರು ಮಾಡ್ತೀರಿ?”

“ಕಟ್ಟಿ ಕಡೀ ಮೂಲಿಯಿಂದ.”

“ಯಾವ ಕಟ್ಟಿ?”

“ತುಳಸಿ ಕಟ್ಟಿ.”

ಕಚೇರಿಯಲ್ಲಿ ತುಳಸಿ ಕಟ್ಟೆ ಎಲ್ಲಿಂದ ತರುವುದು? ಗಡಿಯಾರ ನಾಲ್ಕು ನಲವತ್ತು. ಯಲಬುರ್ಗಾದ ಯಜಮಾನರು ಎದ್ದರು. “ಆಕೀನ ನೆಲಕ್ಕ ಕುಂದರಸ್ರಿ. ಮನಿ ಹಂಗ ಮಾಡ್ರಿ.”

ಮಾಡಿದೆವು. ಬಾಗಿಲೇ ಹೊಸ್ತಿಲು. ಅಕ್ಕಾರ ಮನೆಯಲ್ಲಿ ನೀರಿನ ಡ್ರಮ್ಮು ಇರುವ ಕಡೆ ಯಜಮಾನರು ನಿಂತರು. ಓಣಿಯ ಕಡೆ ಗಂಗಾವತಿಯ ಅಣ್ಣಾರು. ಕಟ್ಟೆಯ ಜಾಗ ಬಲಕ್ಕೆ, ಅಲ್ಲಿ ಇಡಲು ಏನೂ ಇರಲಿಲ್ಲ.

ಅಕ್ಕಾರು ಸಂಕೋಚದಿಂದ, “ಸಾಹೇಬ್ರ, ನೀವ ಒಂದೀಟು ನಿಲ್ಲತೀರೇನ್ರಿ?” ಎಂದರು.

ಸಾಹೇಬರು ನಿಂತರು.

ಅಕ್ಕಾರು ಅಂಗೈಯಿಂದ ನೆಲ ಒರೆಸಿದರು. ಟ್ಯಾಬನ್ನು ಹೊಸ್ತಿಲ ಮುಂದೆ ಇಟ್ಟರು. ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತರು. ಬೆರಳು ಕೆಳಗಿಳಿಸಿ, ಮತ್ತೆ ಎತ್ತಿದರು.

“ಎಲ್ಲಾರೂ ಆ ಕಡೆ ಮಾರಿ ಮಾಡ್ರಿ. ಗೆರಿ ಯಾರಿಗೂ ತೋರಸಬಾರದು ಅಂತ ನೀವ ಹೇಳೀರಿ.”

ಹೇಳಿದ್ದು ನಾನೇ. ನಾಲ್ವರೂ ಗೋಡೆಗೆ ಮುಖ ಮಾಡಿ ನಿಂತೆವು. ಅದೇ ಹೊತ್ತಿಗೆ ಸಾಹೇಬರ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು. ಫೋನು ತೆಗೆಯುವ ಭರದಲ್ಲಿ ನಮ್ಮ ಸಾಹೇಬರು ಬಲದಿಂದ ಎಡಕ್ಕೆ ನಾಲ್ಕು ಹೆಜ್ಜೆ ಹೋದರು.

ಹಿಂದಿನಿಂದ ‘ಟುಂಯ್’ ಎಂದಿತು. ತಪ್ಪು. ಒಂಬತ್ತನೆಯದು.

“ಸಾಹೇಬ್ರ!” ಅಕ್ಕಾರು ಅಳುವ ದನಿಯಲ್ಲೇ ಗದರಿದರು. “ಕಟ್ಟಿ ಹಿಂಗ ತಿರಗಾಡಿದ್ರ ನಾ ಏನ್ ಮಾಡ್ಲಿ?”

ಸಾಹೇಬರು ಫೋನನ್ನು ನನ್ನ ಕೈಗೆ ತುರುಕಿ, ಓಡಿ ಹೋಗಿ ಬಲಕ್ಕೆ ನಿಂತು, ಎರಡೂ ಕೈ ಮೈಗೆ ಅಂಟಿಸಿಕೊಂಡರು. ಫೋನಿನಲ್ಲಿ ದೊಡ್ಡ ಸಾಹೇಬರು ಕೇಳುತ್ತಿದ್ದರು, “ಎಲ್ಲಿದ್ದಾರೆ ನಿಮ್ಮ ಸಾಹೇಬರು?”

ಸುಳ್ಳು ಹೇಳಲು ಹೊಳೆಯಲಿಲ್ಲ. “ಇಲ್ಲೇ ಇದ್ದಾರೆ ಸರ್. ತುಳಸಿ ಕಟ್ಟೆ ಆಗಿ ನಿಂತಿದ್ದಾರೆ. ಅಲುಗಾಡುವ ಹಾಗಿಲ್ಲ.”

ಹಿಂದೆ ಬಳೆ ಸದ್ದಾಯಿತು. ಒಮ್ಮೆ, ಸರ್ರನೆ, ತಡೆಯಿಲ್ಲದೆ. ಆಮೇಲೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

“ಅದಾವ್ರಿ” ಎಂದರು ಅಕ್ಕಾರು. “ಹನ್ನೆರಡೂ ಹಟ್ಟಿ ಅದಾವು. ಮರಿ ಸೈತ ಅದಾವು.”

ಐದಕ್ಕೆ ಆರು ನಿಮಿಷವಿದ್ದಾಗ ಎಣಿಕೆ ಹೋಯಿತು. ಅಕ್ಕಾರು ನೆಲದಲ್ಲೇ ಕೂತು ಕಣ್ಣೊರೆಸಿಕೊಂಡರು. ಗಂಗಾವತಿಯ ಅಣ್ಣಾರು ಅವರದೂ ಒಂದು ಫೋಟೋ ತೆಗೆದರು. ಯಜಮಾನರು ಚಾ ತರಿಸಿದರು. ಎಲ್ಲರೂ ಕುಡಿದು ಲೋಟ ಇಡುವಾಗ ಮೂಲೆಯಿಂದ ಸಣ್ಣ ದನಿ ಬಂತು. ಸಾಹೇಬರು, ಗೋಡೆಗೆ ಮುಖ ಮಾಡಿಯೇ:

“ಈಗ ತಿರಗಬಹುದೇನವಾ?”

ಇಷ್ಟೇ. ಒಂದು ವಿವರಣೆ ಬಾಕಿ ಇದೆ. ದಿನಾ ಒಪ್ಪುತ್ತಿದ್ದ ಬೆರಳನ್ನು ಟ್ಯಾಬು ಆ ದಿನ ಯಾಕೆ ಒಪ್ಪಲಿಲ್ಲ ಎಂದು ಓದುವವರು ಕೇಳಬಹುದು. ಅದಕ್ಕೆ ಕಾರಣ ಸರಳವಾಗಿದೆ. ಟ್ಯಾಬು ಪೂರ್ತಿ ಆರಿ ಮತ್ತೆ ಹತ್ತಿದಾಗ, ಬೆರಳಿನ ಗುರುತನ್ನು ಅದು ನಂಬುವುದಿಲ್ಲ. ಮೊದಲು ಒಮ್ಮೆ ಗೆರೆಯನ್ನೇ ಎಳೆಯಬೇಕು. ಯಾಕೆಂದರೆ ಒಳಗೆ ಇಟ್ಟಿರುವುದೆಲ್ಲ ಆ ಗೆರೆಯಿಂದಲೇ ಬೀಗ ಹಾಕಿರುತ್ತದೆ, ಬೆರಳು ಬರೀ ಒಂದು...

ತಡೆಯಿರಿ, ಯಜಮಾನರು ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ.

“ಯಪ್ಪಾ, ಲಗೂನ ಬಾ. ಸಾಹೇಬ್ರ ಟ್ಯಾಬಿಗೂ ಆ ಚೀಟಿ ಬಂದಿತ್ತಂತ, ಒತ್ಯಾರಂತ. ಗೆರಿ ನೆನಪಾಗವಲ್ದಂತ, ನೆಲಕ್ಕ ಕುಂತಾರ. ಕಟ್ಟಿ ಆಗಾಕ ನಿನ್ನ ಕರೀತಾರ.”